ಹಳೆಯ ಹಾಡಿನ ಇಂಪು, ಕಿವಿಗೆ ಒಪ್ಪುವ ಇಯರ್‌ಫೋನು

ನಿಮ್ಮ ಮನೆಯ ಅಟ್ಟದ ಮೇಲೆ ಹಳೆಯ ಕ್ಯಾಸೆಟ್ಟುಗಳ ಡಬ್ಬ ಒಂದಿದೆಯೆ? ಇದ್ದೇ ಇರುತ್ತದೆ ಬಿಡಿ. ಎಸೆಯಲು ಮನಸ್ಸಿಲ್ಲ, ಹಾಕಿ ಕೇಳಲು ಪುರುಸೊತ್ತಿಲ್ಲ. ದೊಡ್ಡಬಳ್ಳಾಪುರದ ನಮ್ಮ ಮನೆಯಲ್ಲೂ ಕಳೆದ ಗೌರಿಹಬ್ಬಕ್ಕೆ ಧೂಳು ಹೊಡೆಯುವಾಗ ಅಂಥದೊಂದು ಬಿಸ್ಕತ್ತಿನ ಡಬ್ಬ ಕೆಳಗಿಳಿಯಿತು. ಗುರುರಾಜುಲು ನಾಯ್ಡು ಅವರ ಹರಿಕಥೆ, ಮಾಸ್ಟರ್ ಹಿರಣ್ಣಯ್ಯನವರ ನಾಟಕ, ರಾಜಕುಮಾರ್ ಹಾಡುಗಳು, ಭಾವಗೀತೆಗಳು. ಎಲ್ಲದರ ತಳದಲ್ಲಿ ಚೀಟಿ ಅಂಟಿಸಿದ ಒಂದು ಕ್ಯಾಸೆಟ್: 'ಮದುವೆ, 1987. ಅಮ್ಮನ ಸೋಬಾನೆ.'

ಅಮ್ಮ ಅಂದರೆ ನಮ್ಮತ್ತೆಯ ತಾಯಿ. ನಮ್ಮ ನಾದಿನಿಯ ಮದುವೆಯ ಹಿಂದಿನ ದಿನ ಅಜ್ಜಿ ಹಾಡಿದ್ದನ್ನು ಯಾರೋ ಟೇಪ್ ಮಾಡಿಟ್ಟಿದ್ದರು. ಅಜ್ಜಿ ಹೋಗಿ ಮೂವತ್ತು ವರ್ಷವಾಯಿತು. ಚೀಟಿ ಓದಿ ಹೇಳಿದಾಗ ಅತ್ತೆ ಕೈಯಲ್ಲಿದ್ದ ಪೊರಕೆ ಬಿಟ್ಟು ಕೂತುಬಿಟ್ಟರು. ಪಕ್ಕದ ಮನೆಯಿಂದ ಟೇಪ್‌ರೆಕಾರ್ಡರ್ ಎರವಲು ತಂದು ಹಾಕಿದೆ. ಅತ್ತೆ ಸ್ಪೀಕರಿಗೆ ಕಿವಿ ಒತ್ತಿ ಕೂತರು. ಸ್ವಲ್ಪ ಹೊತ್ತಾದ ಮೇಲೆ, "ಏನೋ ಗುಂಯ್ ಅಂತದೆ ಕಣಮ್ಮ. ಅಮ್ಮ ಏನ್ ಹಾಡ್ತಾಳೋ ಗೊತ್ತಾಗಕಿಲ್ಲ" ಅಂದರು. ಸೌಂಡು ಜಾಸ್ತಿ ಮಾಡಿದೆ. ಕಿರುಚಿತೇ ಹೊರತು ಮಾತು ಬಿಡಿಸಿ ಕೇಳಲಿಲ್ಲ.

ಅತ್ತೆಗೆ ಈಗ ಎಪ್ಪತ್ತಾರು. ಮನೆಯೊಳಗೇ ಮಗ್ಗಗಳಿದ್ದ ಕಾಲದಲ್ಲಿ ಅವುಗಳ ಪಕ್ಕ ಕೂತು ಮೂವತ್ತು ವರ್ಷ ಕಂಡಿಕೆ ಸುತ್ತಿದವರು. ಕಿವಿ ಅರ್ಧಂಬರ್ಧ. "ಇಯರ್‌ಫೋನ್ ಹಾಕಿಕೊಡಮ್ಮ" ಎಂದ ನನ್ನ ಮಗ. ಸರಿ, ಪೇಟೆಯಲ್ಲಿ ಕೈಗೆ ಸಿಕ್ಕಿದ್ದನ್ನು ಅಗ್ಗಕ್ಕೆ ತಂದೆ. ಹದಿನೈದು ದಿನಕ್ಕೆ ಒಂದು ಕಿವಿ ಮೂಕವಾಯಿತು. ಆಮೇಲೆ ನಾಲ್ಕು ಕಡೆ ಕೇಳಿ, ನೋಡಿ, ಹಾಕಿ ತೆಗೆದು ಕಲಿತದ್ದನ್ನು ನಿಮ್ಮ ಮುಂದಿಡುತ್ತಿದ್ದೇನೆ. ನಿಮಗೆ ದುಡ್ಡೂ ಉಳಿಯಲಿ, ಕಿವಿಯೂ ಉಳಿಯಲಿ.

ಆ ಸುಯ್ ಸದ್ದು ಎಲ್ಲಿಂದ ಬಂತು?

ಮೊದಲು ಹಳೆಯ ಹಾಡಿನ ಗುಟ್ಟು ತಿಳಿದುಕೊಳ್ಳೋಣ. ಗ್ರಾಮಫೋನ್ ತಟ್ಟೆ ಚಟಪಟ ಅನ್ನುತ್ತದೆ, ಕ್ಯಾಸೆಟ್ ಸುಯ್ ಅನ್ನುತ್ತದೆ, ರೇಡಿಯೋ ಅಲೆಯಂತೆ ಏರಿಳಿಯುತ್ತದೆ. ಇವೆಲ್ಲ ಯಾಕೆ?

ನಿಮಿಷಕ್ಕೆ 78 ಸುತ್ತು ತಿರುಗುತ್ತಿದ್ದ ಹಳೆಯ ತಟ್ಟೆಗಳನ್ನು ಅರಗಿನಿಂದ ಮಾಡುತ್ತಿದ್ದರು. ಹೌದು, ಬಳೆ ಮಾಡುವ, ಲಕೋಟೆಗೆ ಮುದ್ರೆ ಒತ್ತುವ ಅದೇ ಅರಗು. ಅದರ ಬಹುಪಾಲು ನಮ್ಮ ದೇಶದ ಕಾಡುಗಳಿಂದಲೇ ಹೋಗುತ್ತಿತ್ತು. ಗಟ್ಟಿಯಾಗಲೆಂದು ಅದಕ್ಕೆ ಕಲ್ಲಿನ ಪುಡಿ ಬೆರೆಸುತ್ತಿದ್ದರು. ಉಕ್ಕಿನ ಮುಳ್ಳು ಆ ಪುಡಿಯ ಮೇಲೆ ಉಜ್ಜಿದಾಗ ಸರಸರ, ಗೀರಿನೊಳಗೆ ಕೂತ ಧೂಳಿಗೆ ತಗುಲಿದಾಗ ಚಟಪಟ. ಒಂದು ಬದಿಗೆ ಮೂರು ನಾಲ್ಕು ನಿಮಿಷ ಮಾತ್ರ. ಅಷ್ಟರೊಳಗೆ ರಾಗ, ಸಾಹಿತ್ಯ ಎಲ್ಲ ಮುಗಿಯಬೇಕು. ನಮ್ಮ ಬೆಂಗಳೂರು ನಾಗರತ್ನಮ್ಮನವರು ಇಪ್ಪತ್ತನೆಯ ಶತಮಾನದ ಮೊದಲ ವರ್ಷಗಳಲ್ಲೇ ಹೀಗೆ ತಟ್ಟೆಗೆ ಹಾಡಿದವರು. ಆಗಿನ್ನೂ ಮೈಕು ಇರಲಿಲ್ಲ. 1925ರ ತನಕ ಹಾಡುವವರು ದೊಡ್ಡ ಕೊಂಬಿನ ಬಾಯಿಗೆ ಮುಖವಿಟ್ಟು ಗಂಟಲೆತ್ತಿ ಹಾಡಬೇಕಿತ್ತು. ಮೈಕು ಬಂದ ಮೇಲೆಯೇ ಮೆಲ್ಲಗೆ ಹಾಡುವ ಸೊಗಸು ತಟ್ಟೆಗೆ ಬಂದದ್ದು. ಅಂಥ ಹಳೆಯ ತಟ್ಟೆಗಳನ್ನು ವಿಕ್ರಮ್ ಸಂಪತ್ ಅವರು ಸ್ಥಾಪಿಸಿದ 'ಆರ್ಕೈವ್ ಆಫ್ ಇಂಡಿಯನ್ ಮ್ಯೂಸಿಕ್' ಸಂಸ್ಥೆ ಹುಡುಕಿ, ಡಿಜಿಟಲ್ ರೂಪಕ್ಕೆ ಇಳಿಸಿದೆ.

1948ರಲ್ಲಿ ಅಮೆರಿಕದಲ್ಲಿ ವಿನೈಲ್ ಪ್ಲಾಸ್ಟಿಕ್ಕಿನ ಲಾಂಗ್ ಪ್ಲೇ ತಟ್ಟೆ ಬಂತು. ಒಂದು ಬದಿಗೆ ಇಪ್ಪತ್ತು ನಿಮಿಷಕ್ಕೂ ಮೇಲೆ ಹಾಡು. 1963ರಲ್ಲಿ ಫಿಲಿಪ್ಸ್ ಕಂಪನಿ ಕ್ಯಾಸೆಟ್ ಹೊರತಂದಿತು. ನಾಲ್ಕು ಮಿಲಿಮೀಟರಿಗಿಂತ ಕಡಿಮೆ ಅಗಲದ ಪಟ್ಟಿ, ಅದಕ್ಕೆ ತುಕ್ಕಿನಂಥ ಕಬ್ಬಿಣದ ಪುಡಿಯ ಲೇಪ. ಸೆಕೆಂಡಿಗೆ ಐದು ಸೆಂಟಿಮೀಟರು ಕೂಡ ಓಡುವುದಿಲ್ಲ. ಆ ಪುಡಿಯ ಕಣಗಳು ಒಂದೇ ಸಮನಾಗಿರುವುದಿಲ್ಲ. ಆ ಅಡ್ಡಾದಿಡ್ಡಿಯೇ ಸುಯ್ ಎಂದು ಕೇಳುವುದು. ಪಟ್ಟಿ ಸಣ್ಣದು, ಓಟ ನಿಧಾನ. ಹಾಗಾಗಿ ಸದ್ದು ಜಾಸ್ತಿ. ಹೊಲಿಗೆ ಯಂತ್ರದ ಬೆಲ್ಟು ಸಡಿಲಾದರೆ ಹೊಲಿಗೆ ಹೇಗೆ ಎಡವುತ್ತದೋ, ಟೇಪಿನೊಳಗಿನ ರಬ್ಬರು ಬೆಲ್ಟು ಸಡಿಲಾದರೆ ಹಾಡೂ ಹಾಗೇ ಎಳೆದಾಡುತ್ತದೆ.

ಹಾಗಾದರೆ ಟೇಪಿನದು ಬರೀ ದೋಷವೇ? ಅಲ್ಲ. ಟೇಪಿಗೆ ಒಂದು ಒಳ್ಳೆಯ ಗುಣವಿದೆ. ಗಾಯಕ ತಟ್ಟನೆ ದನಿಯೇರಿಸಿದರೆ ಅದು ಒಡಕಾಗುವುದಿಲ್ಲ. ಉಕ್ಕಿ ಬರುವ ಹಾಲಿಗೆ ಉರಿ ತಗ್ಗಿಸಿದಂತೆ ಏರಿದ ದನಿಯ ತುದಿಯನ್ನು ಮೆತ್ತಗೆ ಮಾಡುತ್ತದೆ. ಹಳೆಯ ಹಾಡು 'ಬೆಚ್ಚಗಿದೆ' ಎಂದು ಕೆಲವರು ಹೇಳುತ್ತಾರಲ್ಲ, ಅದರ ಒಂದು ಕಾರಣ ಇದು.

ಹಳೆಯ ಹಾಡುಗಳಲ್ಲಿ ದನಿ ಮತ್ತೆ ಮತ್ತೆ ಮರುನುಡಿಯುವುದನ್ನು ಕೇಳಿದ್ದೀರಿ. ಅದನ್ನೂ ಟೇಪಿನಲ್ಲೇ ಮಾಡುತ್ತಿದ್ದರು. ದೊಡ್ಡ ಸುರುಳಿಯ ಟೇಪ್ ಯಂತ್ರದಲ್ಲಿ ದನಿ ಬರೆಯುವ ತಲೆ ಒಂದು, ಓದುವ ತಲೆ ಇನ್ನೊಂದು. ಎರಡರ ನಡುವೆ ಐದು ಸೆಂಟಿಮೀಟರು ಅಂತರ, ಟೇಪಿನ ಓಟ ಸೆಕೆಂಡಿಗೆ 19 ಸೆಂಟಿಮೀಟರು ಅಂದುಕೊಳ್ಳಿ. ಬರೆದ ದನಿ ಸುಮಾರು ಕಾಲು ಸೆಕೆಂಡು ತಡವಾಗಿ ಓದಿಗೆ ಬರುತ್ತದೆ. ಅದನ್ನು ಮೂಲ ದನಿಗೆ ಬೆರೆಸಿದರೆ ಪ್ರತಿಧ್ವನಿ. ಮಾಕಳಿದುರ್ಗದ ಬೆಟ್ಟದ ಮೇಲೆ ನಿಂತು ಕೂಗಿ ಬೆಟ್ಟದ ಉತ್ತರಕ್ಕೆ ಕಾಯಬೇಕಿಲ್ಲ!

ಇನ್ನು ರೇಡಿಯೋ. 'ಆಕಾಶವಾಣಿ' ಎಂಬ ಹೆಸರು ಹೊತ್ತ ನಿಲಯವನ್ನು 1935ರಲ್ಲಿ ಮೈಸೂರಿನಲ್ಲಿ ಡಾ. ಎಂ.ವಿ. ಗೋಪಾಲಸ್ವಾಮಿಯವರು ಶುರುಮಾಡಿದರು. 1955ರಲ್ಲಿ ಬೆಂಗಳೂರು ನಿಲಯ ಬಂತು, 1957ರಲ್ಲಿ ವಿವಿಧಭಾರತಿ. 1960ರ ದಶಕದಲ್ಲಿ ಇಲ್ಲೇ ಜಾಲಹಳ್ಳಿಯ ಬಿ.ಇ.ಎಲ್. ಕಾರ್ಖಾನೆಯಲ್ಲಿ ರೇಡಿಯೋಗೆ ಬೇಕಾದ ವಾಲ್ವು, ಟ್ರಾನ್ಸಿಸ್ಟರುಗಳು ತಯಾರಾಗತೊಡಗಿದವು. ನಮ್ಮೂರಿನಲ್ಲಿ ಟ್ರಾನ್ಸಿಸ್ಟರಿನ ಹಾಡು ಸರಿಯಾಗಿ ಕೇಳುತ್ತಿದ್ದದ್ದು ಯಾವಾಗ ಗೊತ್ತೆ? ಕರೆಂಟು ಹೋದಾಗ. ಇಡೀ ಬೀದಿಯ ಮಗ್ಗಗಳು ಒಟ್ಟಿಗೆ ಬಾಯಿ ಮುಚ್ಚಿದರೆ, ಬ್ಯಾಟರಿಯ ರೇಡಿಯೋ ಬಾಯಿ ತೆರೆಯುತ್ತಿತ್ತು.

ಈಗಿನ ಮಕ್ಕಳನ್ನು ನೋಡಿ ನಗು ಬರುತ್ತದೆ. ಹೊಸ ಹಾಡಿಗೆ ಬೇಕೆಂದೇ ಟೇಪಿನ ಸುಯ್, ತಟ್ಟೆಯ ಚಟಪಟ ಸೇರಿಸಿ 'ಲೋಫೈ' ಎಂದು ಹೆಸರಿಟ್ಟು ಕೇಳುತ್ತಾರೆ. 2017ರಲ್ಲಿ ಸರಿಗಮ ಕಂಪನಿ ಹಳೆಯ ಟ್ರಾನ್ಸಿಸ್ಟರಿನ ರೂಪದಲ್ಲೇ 'ಕಾರವಾನ್' ಎಂಬ ಹಾಡಿನ ಪೆಟ್ಟಿಗೆ ಮಾಡಿ ಮಾರಿತು. ನಾವು ಬೈದುಕೊಂಡ ದೋಷ ಅವರಿಗೆ ಒಡವೆ!

ಕ್ಯಾಸೆಟ್ಟನ್ನು ಹಾಗೇ ತುರುಕಬೇಡಿ

ವರ್ಷಗಟ್ಟಲೆ ಅಟ್ಟದಲ್ಲಿದ್ದ ಕ್ಯಾಸೆಟ್ಟನ್ನು ಮೊದಲು ಬೆಳಕಿಗೆ ಹಿಡಿದು ನೋಡಿ. ಪಟ್ಟಿಯ ಮೇಲೆ ಬೂದಿಯಂಥ ಬೂಷ್ಟು ಕಂಡರೆ ಹಾಕಬೇಡಿ, ಯಂತ್ರವೂ ಕೆಡುತ್ತದೆ. ಪಟ್ಟಿ ಸಡಿಲವಾಗಿದ್ದರೆ ಆರು ಮೂಲೆಯ ಪೆನ್ಸಿಲನ್ನು ಚಕ್ರಕ್ಕೆ ತೂರಿಸಿ ಮೆಲ್ಲಗೆ ಸುತ್ತಿ ಬಿಗಿಮಾಡಿ. ಒಮ್ಮೆ ಪೂರ್ತಿ ಮುಂದಕ್ಕೆ, ಒಮ್ಮೆ ಹಿಂದಕ್ಕೆ ಓಡಿಸಿ ಆಮೇಲೆ ಕೇಳಿ. ಕ್ಯಾಸೆಟ್ಟಿನ ಬೆನ್ನಿನ ಮೇಲೆ ಎರಡು ಪುಟ್ಟ ಪ್ಲಾಸ್ಟಿಕ್ ಹಲ್ಲುಗಳಿರುತ್ತವೆ. ಅವನ್ನು ಮುರಿದುಬಿಟ್ಟರೆ ಅಪ್ಪಿತಪ್ಪಿ ಯಾರೂ ಅದರ ಮೇಲೆ ಬೇರೆ ರೆಕಾರ್ಡು ಮಾಡಲಾರರು. ಟೇಪಿನ ತಲೆಯನ್ನು ಔಷಧಿ ಅಂಗಡಿಯ ಐಸೊಪ್ರೊಪೈಲ್ ಆಲ್ಕೊಹಾಲಿನಲ್ಲಿ ಅದ್ದಿದ ಹತ್ತಿಯಿಂದ ಒರೆಸಿ, ಆರಲು ಬಿಡಿ. ಕೊಬ್ಬರಿ ಎಣ್ಣೆ, ಸೀಮೆಎಣ್ಣೆ ಖಂಡಿತ ಬೇಡ. ಕ್ಯಾಸೆಟ್ಟುಗಳನ್ನು ಸ್ಪೀಕರಿನ ಪಕ್ಕ ಇಡಬೇಡಿ. ಅದರೊಳಗಿನ ಅಯಸ್ಕಾಂತ ದನಿಯನ್ನು ಅಳಿಸಬಹುದು.

ಅಪರೂಪದ ದನಿ ಇದ್ದರೆ ಮೊದಲು ನಕಲು ಮಾಡಿಕೊಳ್ಳಿ. ಟೇಪಿನಿಂದ ಕಂಪ್ಯೂಟರಿಗೆ ವೈರು ಹಾಕಿ ಇಳಿಸಬಹುದು. ಅದು ಆಗದಿದ್ದರೆ ಬಾಗಿಲು ಹಾಕಿ, ಫ್ಯಾನು ನಿಲ್ಲಿಸಿ, ಸ್ಪೀಕರಿನ ಎದುರಿಗೆ ಮೊಬೈಲಿಟ್ಟು ರೆಕಾರ್ಡ್ ಮಾಡಿ. ನಾವು ಮಾಡಿದ್ದು ಎರಡನೆಯದೇ. ಆ ನಕಲನ್ನು ಎರಡು ಕಡೆ ಇಟ್ಟುಕೊಳ್ಳಿ. ಒಂದು ಮೊಬೈಲು ನೀರಿಗೆ ಬಿದ್ದರೆ ಅಜ್ಜಿಯ ದನಿಯೂ ಮುಳುಗಬಾರದಲ್ಲ?

ಇಯರ್‌ಫೋನು ಕೊಳ್ಳುವಾಗ

ಹಳೆಯ ಹಾಡಿಗೆ ದುಬಾರಿ ಇಯರ್‌ಫೋನು ಬೇಕಿಲ್ಲ. ಯಾಕೆಂದರೆ 78ರ ತಟ್ಟೆಯಲ್ಲಾಗಲಿ, ಹಳೆಯ ರೇಡಿಯೋದಲ್ಲಾಗಲಿ ತೀರ ತಗ್ಗಿನ ಗುಡುಗೂ ಇಲ್ಲ, ತೀರ ಮೇಲಿನ ಮಿಂಚೂ ಇಲ್ಲ. ಇರುವುದೆಲ್ಲ ನಡುವಿನ ಮನುಷ್ಯ ದನಿ. ಆ ನಡುವಿನ ದನಿ ಸ್ಪಷ್ಟವಾಗಿ ಬಂದರೆ ಸಾಕು. ಡಬ್ಬದ ಮೇಲೆ 'ಎಕ್ಸ್‌ಟ್ರಾ ಬಾಸ್' ಎಂದು ದಪ್ಪಕ್ಷರದಲ್ಲಿ ಬರೆದಿದ್ದರೆ ನಿಮಗೆ ಅದು ಬೇಡ. ಗಾಯಕಿಯ ದನಿಯನ್ನು ಡೋಲು ನುಂಗಿಬಿಡುತ್ತದೆ. '20ರಿಂದ 20,000 ಹರ್ಟ್ಸ್' ಎಂದು ಎಲ್ಲ ಡಬ್ಬದ ಮೇಲೂ ಅಚ್ಚು ಹಾಕಿರುತ್ತಾರೆ. ಅದನ್ನು ನೋಡಿ ಮರುಳಾಗಬೇಡಿ. ಮೊಬೈಲಿಗೆ 16 ಅಥವಾ 32 ಓಮ್‌ನದು ಸರಿಹೋಗುತ್ತದೆ.

ಮುಖ್ಯವಾದದ್ದು ಕಿವಿಗೆ ಕೂರುವುದು. ಬಳೆ ಕೊಳ್ಳುವಾಗ ನಮ್ಮ ಕೈಯ ಅಳತೆ ನೋಡುವುದಿಲ್ಲವೆ? ಹಾಗೇ ಇದು. ಮೆತ್ತನೆಯ ರಬ್ಬರು ಟೋಪಿ ಇರುವ ಇಯರ್‌ಫೋನಿನ ಜೊತೆ ಸಾಮಾನ್ಯವಾಗಿ ಸಣ್ಣ, ಮಧ್ಯಮ, ದೊಡ್ಡ ಮೂರು ಜೊತೆ ಟೋಪಿ ಕೊಡುತ್ತಾರೆ. ಎರಡೂ ಕಿವಿಗೆ ಒಂದೇ ಅಳತೆ ಆಗಬೇಕೆಂದೇನೂ ಇಲ್ಲ. ಸರಿಯಾಗಿ ಕೂತರೆ ಹೊರಗಿನ ಗದ್ದಲ ತಗ್ಗುತ್ತದೆ, ಕಮ್ಮಿ ಸೌಂಡಿನಲ್ಲೇ ಹಾಡು ತುಂಬಿ ಬರುತ್ತದೆ. ಸಡಿಲವಾದರೆ ಹಾಡು ತೆಳುವಾಗುತ್ತದೆ, ನೀವು ಸೌಂಡು ಏರಿಸುತ್ತ ಹೋಗುತ್ತೀರಿ. ಕಿವಿಯೊಳಗೆ ತೂರಿಸಿಕೊಳ್ಳುವುದು ಹಿಂಸೆ ಎನ್ನುವವರಿಗೆ ಕಿವಿಯ ಮೇಲೆ ಕೂರುವ ಸ್ಪಂಜಿನ ಹಗುರ ಹೆಡ್‌ಫೋನು ವಾಸಿ. ವಯಸ್ಸಾದವರಿಗೂ ಹಾಕಿ ತೆಗೆಯಲು ಸುಲಭ.

ವೈರಿನದೋ, ಬ್ಲೂಟೂತಿನದೋ? ಮನೆಗೆಲಸ ಮಾಡುತ್ತ ಓಡಾಡುವವರಿಗೆ ಬ್ಲೂಟೂತು ಅನುಕೂಲ. ಆದರೆ ಚಾರ್ಜು ಮಾಡುತ್ತಿರಬೇಕು, ಕೆಲವು ವರ್ಷಕ್ಕೆ ಅದರ ಬ್ಯಾಟರಿ ಸೊರಗುತ್ತದೆ. ಅದೇ ದುಡ್ಡಿಗೆ ವೈರಿನದರಲ್ಲಿ ದನಿ ಚೆನ್ನಾಗಿರುವುದೇ ಹೆಚ್ಚು. ಹಳೆಯ ಟೇಪ್‌ರೆಕಾರ್ಡರಿಗಂತೂ ವೈರಿನದೇ ಆಗಬೇಕು. ಐನೂರು ರೂಪಾಯಿಯ ಆಸುಪಾಸಿನಲ್ಲಿ ಒಳ್ಳೆಯದೇ ಸಿಗುತ್ತದೆ. ಕೊಳ್ಳುವ ಮುನ್ನ ನಿಮ್ಮ ಮೊಬೈಲಿನ ತೂತು ನೋಡಿಕೊಳ್ಳಿ. ಹಲವು ಹೊಸ ಮೊಬೈಲುಗಳಲ್ಲಿ ದುಂಡನೆಯ ತೂತು ಇರುವುದಿಲ್ಲ. ಚಾರ್ಜರು ಹಾಕುವ ಚಪ್ಪಟೆ ತೂತಿಗೇ ಹಾಕುವಂಥದ್ದು ಬೇಕು, ಇಲ್ಲವೇ ನಡುವೆ ಒಂದು ಅಡಾಪ್ಟರು ಬೇಕು.

ಅಂಗಡಿಯಲ್ಲಿ ನಾಚಿಕೆ ಪಡದೆ ಹಾಕಿ ನೋಡಿ. ನಿಮಗೆ ಚೆನ್ನಾಗಿ ಗೊತ್ತಿರುವ ಒಂದು ಹಳೆಯ ಹಾಡನ್ನು ಮೊಬೈಲಿನಲ್ಲಿ ಒಯ್ಯಿರಿ. 1978ರಲ್ಲಿ ಬಂದ, ನಿಸಾರ್ ಅಹಮದರ ಕವಿತೆಗಳಿಗೆ ಮೈಸೂರು ಅನಂತಸ್ವಾಮಿಯವರು ರಾಗ ಹಾಕಿದ 'ನಿತ್ಯೋತ್ಸವ'ದಂಥ ಭಾವಗೀತೆಯಾದರೆ ಒಳ್ಳೆಯದು. ಒಂದೊಂದು ಪದವೂ ಬಿಡಿಸಿ ಕೇಳಬೇಕು. ತೀರ ಹಳೆಯ ಮೋನೊ ಹಾಡಾದರೆ ದನಿ ತಲೆಯ ನಟ್ಟನಡುವೆ ನಿಂತಂತಿರಬೇಕು. ಒಂದು ಪಕ್ಕಕ್ಕೆ ವಾಲಿದರೆ ಟೋಪಿ ಸರಿ ಕೂತಿಲ್ಲ, ಇಲ್ಲವೇ ಒಂದು ಕಡೆ ಬಲ ಕಮ್ಮಿ. ಆಮೇಲೆ ಪಿನ್ನಿನ ಬುಡ, ವೈರು ಕವಲೊಡೆಯುವ ಜಾಗ, ಕಿವಿಯ ಬುಡ ಮೂರನ್ನೂ ಮೆಲ್ಲಗೆ ಅಲ್ಲಾಡಿಸಿ. ಕರಕರ ಅಂದರೆ ವಾಪಸು ಕೊಟ್ಟುಬಿಡಿ. ನಾನು ಮೊದಲು ತಂದದ್ದು ಸತ್ತದ್ದು ಆ ಪಿನ್ನಿನ ಬುಡದಲ್ಲೇ. ರಸೀತಿ, ವಾರಂಟಿ ಚೀಟಿ ಕೇಳಿ ಪಡೆಯಿರಿ. ಬೆಂಗಳೂರಿನ ಎಸ್.ಪಿ. ರಸ್ತೆಗೆ ಹೋಗುವವರಿದ್ದರೆ ತರಿಸಿಕೊಳ್ಳಬಹುದು. ಆದರೂ ಸ್ವಂತ ಕಿವಿಗೆ ಹಾಕಿ ನೋಡುವ ಭಾಗ್ಯ ನಮ್ಮೂರಿನ ಅಂಗಡಿಯಲ್ಲೇ ಹೆಚ್ಚು.

ಇನ್ನೆರಡು ಗುಟ್ಟು. ಹಳೆಯ ಮೋನೊ ಟೇಪ್‌ರೆಕಾರ್ಡರಿಗೆ ಈಗಿನ ಇಯರ್‌ಫೋನು ಚುಚ್ಚಿದರೆ ಒಂದೇ ಕಿವಿಗೆ ಕೇಳಿಸಬಹುದು. ಇಯರ್‌ಫೋನು ಕೆಟ್ಟಿದೆಯೆಂದು ಎಸೆಯಬೇಡಿ. ಆ ತೂತು ಹಳೆಯ ನಮೂನೆಯದು, ಅಷ್ಟೆ. ಅದಕ್ಕೂ ಅಡಾಪ್ಟರು ಸಿಗುತ್ತದೆ. ಎರಡನೆಯದು, ಮನೆಯಲ್ಲಿ ಯಾರಿಗಾದರೂ ಒಂದು ಕಿವಿ ಮಂದವಾಗಿದ್ದರೆ ಮೊಬೈಲಿನ ಸೆಟ್ಟಿಂಗ್ಸಿನ 'ಆಕ್ಸೆಸಿಬಿಲಿಟಿ'ಯಲ್ಲಿ 'ಮೋನೊ ಆಡಿಯೋ' ಎಂಬುದನ್ನು ಒತ್ತಿಡಿ. ಎಡಕ್ಕೆ, ಬಲಕ್ಕೆ ಹಂಚಿಹೋದ ಹಾಡು ಪೂರ್ತಿಯಾಗಿ ಎರಡೂ ಕಡೆ ಬರುತ್ತದೆ.

ವಾರಕ್ಕೊಮ್ಮೆ ರಬ್ಬರು ಟೋಪಿ ಬಿಚ್ಚಿ ಸೋಪಿನ ನೀರಲ್ಲಿ ತೊಳೆದು ಒಣಗಿಸಿ. ಬಾಚಣಿಗೆಯಂತೆ ಇದನ್ನೂ ಒಬ್ಬರದನ್ನು ಇನ್ನೊಬ್ಬರು ಹಾಕಿಕೊಳ್ಳಬಾರದು. ರಸ್ತೆ ದಾಟುವಾಗ, ರೈಲು ಹಳಿಯ ಬಳಿ, ಒಲೆಯ ಮೇಲೆ ಕುಕ್ಕರು ಇಟ್ಟಾಗ, ತೊಟ್ಟಿಲಲ್ಲಿ ಮಗು ಇರುವಾಗ ಎರಡೂ ಕಿವಿ ಮುಚ್ಚಿಕೊಂಡು ಕೂರಬೇಡಿ.

ಮಗ್ಗದ ಮುಂದೆ ಹಾಡು ಬೇಡ

ಈಗ ಎಲ್ಲಕ್ಕಿಂತ ಮುಖ್ಯವಾದ ಮಾತು. ನಮ್ಮೂರಿನ ಮಗ್ಗದ ಮನೆಗಳಲ್ಲಿ ಈಗ ಹುಡುಗ ಹುಡುಗಿಯರು ಇಯರ್‌ಫೋನು ಹಾಕಿಕೊಂಡೇ ಕೆಲಸಕ್ಕೆ ನಿಲ್ಲುತ್ತಾರೆ. ಪವರ್‌ಲೂಮ್ ಶೆಡ್ಡಿನ ಸದ್ದು 90 ಡೆಸಿಬೆಲ್ ದಾಟುತ್ತದೆ. ಅದರ ಮೇಲೆ ಹಾಡು ಕೇಳಬೇಕೆಂದರೆ ಹಾಡಿನ ಸೌಂಡು ಅದಕ್ಕಿಂತ ಜೋರಾಗಬೇಕು. ಅಂದರೆ ಕಿವಿಗೆ ಎರಡು ಮಗ್ಗ!

ವಿಶ್ವ ಆರೋಗ್ಯ ಸಂಸ್ಥೆ ಹೇಳುವ ಲೆಕ್ಕ ಹೀಗಿದೆ: 80 ಡೆಸಿಬೆಲ್ಲಿನ ಸದ್ದನ್ನು ವಾರಕ್ಕೆ 40 ಗಂಟೆ ಕೇಳಬಹುದು, 90 ಆದರೆ 4 ಗಂಟೆ, 100 ಆದರೆ ವಾರಕ್ಕೆ 20 ನಿಮಿಷ ಮಾತ್ರ. ದಿನಕ್ಕಲ್ಲ, ವಾರಕ್ಕೆ. ಹತ್ತು ಡೆಸಿಬೆಲ್ ಅಂದರೆ ಸಣ್ಣ ಏರಿಕೆಯಲ್ಲ ಎಂದು ಇದರಿಂದಲೇ ತಿಳಿಯುತ್ತದೆ. ಮೊಬೈಲಿನ ಸೌಂಡು ಗೆರೆಯನ್ನು ನೂರಕ್ಕೆ ಅರವತ್ತರ ಮೇಲೆ ಏರಿಸಬೇಡಿ. ಶೆಡ್ಡಿನೊಳಗೆ ಇಯರ್‌ಫೋನಿನ ಬದಲು ಫೋಮಿನ ಕಿವಿಬಿರಡೆ ಹಾಕಿಕೊಳ್ಳಲಿ. ಹಾಡು ಮಗ್ಗ ನಿಂತ ಮೇಲೆ.

ಇಷ್ಟೆಲ್ಲ ಯಾಕೆ ಹೇಳುತ್ತೇನೆಂದರೆ, ಅಜ್ಜಿಯ ಕ್ಯಾಸೆಟ್ ನನಗೆ ಒಂದು ಪಾಠ ಕಲಿಸಿತು.

ಮಗ ಮೊಬೈಲಿಗೆ ಇಳಿಸಿಕೊಟ್ಟ ಸೋಬಾನೆಯನ್ನು ಒಂದು ಸಂಜೆ ಅತ್ತೆಗೆ ಸ್ಪಂಜಿನ ಹೆಡ್‌ಫೋನಿನಲ್ಲಿ ಹಾಕಿಕೊಟ್ಟೆ. ಸೌಂಡು ಅರ್ಧಕ್ಕೇ ಇತ್ತು. ಬೀದಿಯಲ್ಲಿ ಕರೆಂಟು ಹೋಗಿ ಮಗ್ಗಗಳು ನಿಂತಿದ್ದವು. ಅತ್ತೆ ಕಣ್ಣು ಮುಚ್ಚಿದರು. ಸ್ವಲ್ಪ ಹೊತ್ತಿಗೆ ತುಟಿ ಅಲ್ಲಾಡತೊಡಗಿತು. ಅಮ್ಮನ ಜೊತೆ ತಾವೂ ಹಾಡುತ್ತಿದ್ದರು. ನಡುವೆ ಒಮ್ಮೆ ಕಣ್ಣು ಬಿಟ್ಟು, "ಹಿಂದುಗಡೆ ಕೇಳ್ತಾ ಅದೆಯಲ್ಲ ಖಟ ಖಟ, ಅದು ನಮ್ಮ ಮನೆ ಮಗ್ಗಾನೇ ಕಣೆ" ಎಂದು ನಕ್ಕರು.

"ಶುರುವಿನಲ್ಲಿ ಟೇಪಿನ ಸುಯ್ ಸದ್ದು ತುಂಬಾ ಇದೆ, ಬೇಜಾರಾಯಿತಾ ಅತ್ತೆ?" ಎಂದು ಕೇಳಿದೆ.

"ಯಾವ ಸದ್ದು? ಅಂಥದ್ದೇನೂ ಇಲ್ವಲ್ಲ" ಅಂದರು.

ನನಗೆ ಮಾತೇ ಹೊರಡಲಿಲ್ಲ. ಆಮೇಲೆ ಕಿವಿ, ಮೂಗು, ಗಂಟಲು ವೈದ್ಯರ ಹತ್ತಿರ ಕರೆದೊಯ್ದಾಗ ಅವರು ಪರೀಕ್ಷೆ ಮಾಡಿ ವಿವರಿಸಿದರು. ಗದ್ದಲ ಮೊದಲು ಕದಿಯುವುದು ಮೇಲಿನ, ಸಣ್ಣನೆಯ ಸದ್ದುಗಳನ್ನು. ಟೇಪಿನ ಸುಯ್ ಬಹುಪಾಲು ಅಲ್ಲೇ ಇರುತ್ತದೆ. ಸ, ಶ, ತ ಅಕ್ಷರಗಳ ಅಂಚೂ ಅಲ್ಲೇ. ಅದಕ್ಕೇ ಕಿವಿ ಮಂದವಾದವರು "ದನಿ ಕೇಳುತ್ತೆ, ಮಾತು ತಿಳಿಯಲ್ಲ" ಅನ್ನುವುದು. ಗದ್ದಲದಿಂದ ಹಾಗೆ ಹೋದದ್ದು ಮರಳಿ ಬರುವುದಿಲ್ಲ. ಅತ್ತೆಗೆ ಶ್ರವಣಸಾಧನ ಬರೆದುಕೊಟ್ಟರು. ಈಗ ಬಾಗಿಲು ತಟ್ಟಿದ್ದು ಅವರಿಗೇ ಮೊದಲು ಕೇಳುತ್ತದೆ!

ಇಯರ್‌ಫೋನು ಶ್ರವಣಸಾಧನವಲ್ಲ, ಇದನ್ನು ಮರೆಯಬೇಡಿ. ಮನೆಯಲ್ಲಿ ಯಾರಾದರೂ ಟಿ.ವಿ. ಸೌಂಡು ಏರಿಸುತ್ತಲೇ ಇದ್ದರೆ, 'ಆಂ?' ಎಂದು ಪದೇಪದೇ ಕೇಳುತ್ತಿದ್ದರೆ, ಕಿವಿಯಲ್ಲಿ ಗುಂಯ್‌ಗುಟ್ಟುವುದು ನಿಲ್ಲದಿದ್ದರೆ ವೈದ್ಯರಿಗೆ ತೋರಿಸಿ. 1965ರಿಂದ ಮೈಸೂರಿನಲ್ಲಿರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದಕ್ಕೆಂದೇ ಇದೆ. ಬಿಸಿ ಎಣ್ಣೆ ಹುಯ್ಯುವುದು, ಹೇರ್‌ಪಿನ್ನು ಹಾಕುವುದು ಬೇಡವೇ ಬೇಡ.

ಈಗ ನೀವೂ ಒಂದು ಕೆಲಸ ಮಾಡಿ. ಮಧ್ಯಾಹ್ನ ಎಲ್ಲರೂ ಉಂಡು ಮಲಗಿದ ಮೇಲೆ, ಅಟ್ಟದ ಡಬ್ಬದಿಂದ ಒಂದು ಹಾಡು ಆರಿಸಿ. ಸೌಂಡು ತಗ್ಗಿಸಿ. ಹಾಡು ಶುರುವಾಗುವ ಮೊದಲಿನ ಆ ಸುಯ್ ಕೇಳಿ, ಗಾಯಕಿ ಉಸಿರೆಳೆದುಕೊಳ್ಳುವುದು ಕೇಳಿ, ದೂರದಲ್ಲಿ ಯಾರೋ ಕೆಮ್ಮಿದ್ದು ಕೇಳಿ. ಇವು ಕೇಳುತ್ತಿವೆಯಾದರೆ ನಿಮ್ಮಲ್ಲಿ ಇನ್ನೂ ದೊಡ್ಡ ಆಸ್ತಿಯಿದೆ. ಅದನ್ನು ಜೋಪಾನ ಮಾಡಿ, ಮಕ್ಕಳಿಗೂ ಹೇಳಿ. ಇಯರ್‌ಫೋನು ಕೆಟ್ಟರೆ ಇನ್ನೊಂದು ಕೊಳ್ಳಬಹುದು. ಕಿವಿ ಕೊಳ್ಳುವ ಅಂಗಡಿ ಎಸ್.ಪಿ. ರಸ್ತೆಯಲ್ಲೂ ಇಲ್ಲ.